ಗುಡಿಸಿದವರಿಗೂ ಕೂತವರಿಗೂ ಒಂದೇ ರಕ್ಷಣೆ

ಆನ್‌ಲೈನ್ ಸೇವೆಯಾದ ಕಂಪ್ಯುಸರ್ವ್ ತನ್ನ ಜಾಲದಲ್ಲಿ ಬರುವ ಬರಹಗಳನ್ನು ಮೊದಲೇ ನೋಡುತ್ತಿರಲಿಲ್ಲ. ಹಾಗಾಗಿ 1991ರಲ್ಲಿ ಮಾನನಷ್ಟದ ದಾವೆಯಿಂದ ಪಾರಾಯಿತು. ಅಂಥದೇ ಇನ್ನೊಂದು ಸೇವೆ ಪ್ರಾಡಿಜಿ ಅಸಭ್ಯ ಬರಹಗಳನ್ನು ತೆಗೆಯುತ್ತಿತ್ತು. 1995ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದೇ ಕಾರಣಕ್ಕೆ ಅದನ್ನು ಪ್ರಕಾಶಕನೆಂದು ಹೊಣೆ ಮಾಡಿತು. ಗುಡಿಸಿದವನಿಗೇ ದಂಡ! ಈ ಅನ್ಯಾಯ ಸರಿಪಡಿಸಲು ರಿಪಬ್ಲಿಕನ್ ಕ್ರಿಸ್ ಕಾಕ್ಸ್ ಮತ್ತು ಡೆಮಾಕ್ರಾಟ್ ರಾನ್ ವೈಡನ್ ಸೇರಿ ರೂಪಿಸಿದ್ದೇ 1996ರ ಅಮೆರಿಕದ ಕಾನೂನಿನ ಸೆಕ್ಷನ್ 230.

ಅದಕ್ಕೆ ಎರಡು ಕೈ. ಬೇರೆಯವರು ಬರೆದದ್ದಕ್ಕೆ ಜಾಲತಾಣ ಪ್ರಕಾಶಕನಲ್ಲ ಎನ್ನುತ್ತದೆ ಒಂದು. ಸದುದ್ದೇಶದಿಂದ ಅಳಿಸಿದ್ದಕ್ಕೆ ಹೊಣೆಯಿಲ್ಲ ಎನ್ನುತ್ತದೆ ಇನ್ನೊಂದು. ಎರಡನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ಅದಿಲ್ಲದಿದ್ದರೆ ಬೆದರಿಕೆ, ಅಶ್ಲೀಲ ತೆಗೆಯುವ ಧೈರ್ಯ ಯಾರಿಗಿರುತ್ತಿತ್ತು? ನನ್ನ ತಕರಾರು ಮೊದಲನೆಯದನ್ನು ನ್ಯಾಯಾಲಯಗಳು ಹಿಗ್ಗಿಸಿದ ರೀತಿಯ ಬಗ್ಗೆ.

1995ರ ಏಪ್ರಿಲ್‌ನಲ್ಲಿ ಒಕ್ಲಹೋಮ ಸಿಟಿಯ ಬಾಂಬ್ ಸ್ಫೋಟದಲ್ಲಿ 168 ಜನ ಸತ್ತರು. ಆ ಸಾವುಗಳನ್ನು ಗೇಲಿ ಮಾಡುವ ಟೀ ಶರ್ಟ್ ಮಾರಾಟಕ್ಕಿದೆ ಎಂದು ಯಾರೋ ಎಒಎಲ್ ಎಂಬ ಆನ್‌ಲೈನ್ ಸೇವೆಯಲ್ಲಿ ಬರೆದು, ಸಿಯಾಟಲ್‌ನ ಕೆನ್ನೆತ್ ಜೆರಾನ್ ಎಂಬವರ ಫೋನ್ ನಂಬರ್ ಹಾಕಿದರು. ಏನೂ ಅರಿಯದ ಅವರಿಗೆ ಕೊಲೆ ಬೆದರಿಕೆಗಳು ಶುರುವಾದವು. ಮನೆಯಿಂದಲೇ ವ್ಯವಹಾರ, ನಂಬರ್ ಬದಲಿಸುವಂತಿರಲಿಲ್ಲ. ಕಂಪನಿಗೆ ತಿಳಿಸಿದರು. ಮತ್ತೆ ಅಂಥದೇ ಬರಹಗಳು ಬಂದವು. ತಿಂಗಳ ಕೊನೆಗೆ ಸುಮಾರು ಎರಡು ನಿಮಿಷಕ್ಕೊಂದು ಕರೆ. ಅವರು ಹೂಡಿದ ದಾವೆಯಲ್ಲಿ 1997ರಲ್ಲಿ ಮೇಲ್ಮನವಿ ನ್ಯಾಯಾಲಯ, ದೂರು ತಲುಪಿದ್ದರೂ ಸೆಕ್ಷನ್ 230ರಡಿ ಕಂಪನಿಗೆ ಹೊಣೆಯಿಲ್ಲ ಎಂದಿತು. ಹೊಣೆ ಹೊರಿಸಿದರೆ ಪ್ರತಿ ದೂರಿಗೂ ಹೆದರಿ ಕಂಪನಿಗಳು ಸಿಕ್ಕಿದ್ದೆಲ್ಲ ಅಳಿಸುತ್ತವೆ ಎಂಬುದು ಅದರ ಆತಂಕ. ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಬೆಲೆ ತೆತ್ತದ್ದು ಜೆರಾನ್ ಒಬ್ಬರೇ.

ಮುಂದೆ ಈ ರಕ್ಷಣೆ ಇನ್ನೂ ಹಿಗ್ಗಿತು. ಒಬ್ಬ ವಕೀಲೆಯ ಬಗೆಗಿನ ಬರಹ ಮಾನಹಾನಿಕರವೆಂದು ಕೆಳ ನ್ಯಾಯಾಲಯ, ಬರೆದವರು ಹಾಜರಾಗದ ಪ್ರಕರಣದಲ್ಲಿ, ತೀರ್ಪಿತ್ತು ಅಳಿಸಲು ಆದೇಶಿಸಿತ್ತು. ಆ ಬರಹವಿದ್ದ ವಿಮರ್ಶೆಗಳ ಜಾಲತಾಣ ಯೆಲ್ಪ್ ಆ ಆದೇಶವನ್ನು ಪಾಲಿಸಬೇಕಿಲ್ಲ ಎಂದಿತು 2018ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ಭಾರತದ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, 2015ರಲ್ಲಿ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದ ಮೇಲೂ ತೆಗೆಯದಿದ್ದರೆ ಜಾಲತಾಣದ ರಕ್ಷಣೆ ಹೋಗುತ್ತದೆ ಎಂಬ ಗೆರೆ ಎಳೆಯಿತು. ಸರ್ಕಾರದ ಕೈಗೆ ಕೊಟ್ಟ ಭಾಗಕ್ಕೆ ನಾನು ಹೆದರುತ್ತೇನೆ. ನ್ಯಾಯಾಲಯದ ಭಾಗವನ್ನು ಅಮೆರಿಕ ಎರವಲು ಪಡೆಯಬೇಕು. ಜೊತೆಗೆ, ಜೀವಬೆದರಿಕೆಯ ಪ್ರಕರಣಗಳಲ್ಲಿ ಒಂದೇ ದಿನದಲ್ಲಿ ತಡೆಯಾಜ್ಞೆ ಕೊಡಬಲ್ಲ ನ್ಯಾಯಾಧೀಶರೂ ಇರಬೇಕು. ಎರಡು ನಿಮಿಷಕ್ಕೊಮ್ಮೆ ಫೋನ್ ಹೊಡೆದುಕೊಳ್ಳುತ್ತಿರುವಾಗ ವರ್ಷಗಟ್ಟಲೆ ವಿಚಾರಣೆಗೆ ಕಾಯಲಾಗದು.