ಗಂಟು ಕರಗಿಸುತ್ತೇವೆ ಎನ್ನುವವರ ಲೆಕ್ಕ

ಬೆಂಗಳೂರಿನ ಓಕಳಿಪುರಂ ಸುತ್ತಮುತ್ತ ವೈದ್ಯರಿಗೆ ಬರವಿಲ್ಲ. ಮಾರ್ಕೆಟ್ ಕಡೆ ಹೋದರೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ, ಮಲ್ಲೇಶ್ವರಕ್ಕೆ ಹೋದರೆ ಕೆ.ಸಿ. ಜನರಲ್, ರಾಜಾಜಿನಗರದಲ್ಲಿ ಇಎಸ್‌ಐ, ಮೆಜೆಸ್ಟಿಕ್ ಬಳಿ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆ. ಇವುಗಳ ನಡುವೆ ಸೌಂದರ್ಯ ಕ್ಲಿನಿಕ್ಕುಗಳಿವೆ, ಹೋಮಿಯೋಪತಿಯವರಿದ್ದಾರೆ, ಪಟ್ಟು ಹಾಕುವ ನಾಟಿ ವೈದ್ಯರೂ ಸಿಗುತ್ತಾರೆ. ಬೆನ್ನಿನ ಮೇಲೋ ಮುಂಗೈಯಲ್ಲೋ ಮೆತ್ತನೆಯ ಗಂಟೊಂದು ಎದ್ದವರಿಗೆ ಒಂದೊಂದು ಬಾಗಿಲಲ್ಲಿ ಒಂದೊಂದು ಉತ್ತರ: ಬಿಟ್ಟುಬಿಡಿ, ಕೊಯ್ಸಿಬಿಡಿ, ಇಂಜೆಕ್ಷನ್‌ನಲ್ಲಿ ಕರಗಿಸೋಣ, ಲೇಸರ್ ಮಾಡೋಣ, ಮೂರು ತಿಂಗಳು ಗುಳಿಗೆ ತಗೊಳ್ಳಿ.

ಈ ಉತ್ತರಗಳನ್ನು ತೂಗಿ ನೋಡಲು ಮೂರು ಪ್ರಶ್ನೆ ಸಾಕು. ಗಂಟು ನಿಜಕ್ಕೂ ಕೊಬ್ಬಿನದೇ ಎಂಬುದು ಖಚಿತವಾಗುತ್ತದೆಯೇ? ಅದು ಬುಡಸಮೇತ ಹೋಗುತ್ತದೆಯೇ? ಕೊನೆಗೆ ಉಳಿಯುವ ಕಲೆ ಎಷ್ಟು, ಖರ್ಚು ಎಷ್ಟು? ಜಾಹೀರಾತುಗಳು ಮೂರನೆಯ ಪ್ರಶ್ನೆಯಿಂದ ಶುರುಮಾಡಿ ಅಲ್ಲೇ ಮುಗಿಸುತ್ತವೆ. ಕೆಡುಕೆಲ್ಲ ಹುಟ್ಟುವುದು ಅಲ್ಲಿ.

ಲಿಪೋಮಾ ಎಂದು ವೈದ್ಯರು ಕರೆಯುವ ಈ ಗಡ್ಡೆ ಬೆಳೆದ ಕೊಬ್ಬಿನ ಕೋಶಗಳ ಗುಂಪು. ಸುತ್ತ ತೆಳುವಾದ ಪೊರೆ ಇರುತ್ತದೆ. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಹೆಚ್ಚು. ಒತ್ತಿದರೆ ಬೆರಳಿನಡಿಯಿಂದ ಜಾರುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು ಕ್ಯಾನ್ಸರ್ ಆಗಿ ತಿರುಗುವುದು ಅತ್ಯಂತ ಅಪರೂಪ. ಆದರೆ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರ್ ಮೊದಮೊದಲು ಇದರಂತೆಯೇ ಕಾಣಬಹುದು. ಐದು ಸೆಂಟಿಮೀಟರ್ ದಾಟಿದ್ದು, ಬೇಗಬೇಗ ದೊಡ್ಡದಾಗುತ್ತಿರುವುದು, ಗಟ್ಟಿಯಾಗಿ ಆಳದಲ್ಲಿ ಕೂತದ್ದು, ಇವಕ್ಕೆ ಸ್ಕ್ಯಾನಿಂಗ್ ಆಗದೆ ಯಾರೂ ಕೈ ಹಾಕಬಾರದು. ಅನುಮಾನ ಉಳಿದರೆ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆ ಇದೇ ಊರಲ್ಲಿದೆ.

ಹಾಗಾಗಿ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ ಬಹುಪಾಲು ಜನರಿಗೆ ಚಿಕಿತ್ಸೆಯೇ ಅಲ್ಲ. ಪರೀಕ್ಷಿಸಿ, ಅಳತೆ ಬರೆದಿಟ್ಟು, ಬದಲಾದರೆ ಬನ್ನಿ ಎಂದು ಕಳಿಸುವ ಸರ್ಜನ್ ರೋಗಿಗೆ ಉಪಕಾರ ಮಾಡುತ್ತಾನೆ. ಇದರಿಂದ ಯಾರಿಗೂ ಬಿಲ್ಲು ಹುಟ್ಟುವುದಿಲ್ಲವಾದ್ದರಿಂದ ಇದಕ್ಕೆ ಬೋರ್ಡು ಹಾಕುವವರಿಲ್ಲ.

ತೆಗೆಸಲೇಬೇಕು ಎಂದಾದಾಗ, ಅಂದರೆ ನೋವಿದ್ದರೆ, ಬ್ಯಾಗಿನ ಪಟ್ಟಿಯೋ ಬ್ಲೌಸಿನ ಅಂಚೋ ಉಜ್ಜುತ್ತಿದ್ದರೆ, ಮುಖದ ಮೇಲಿದ್ದು ಮನಸ್ಸಿಗೆ ಕಸಿವಿಸಿಯಾದರೆ, ಹಳೆಯ ಕತ್ತಿಯೇ ಇಂದಿಗೂ ಮೇಲು. ಲಿಗ್ನೊಕೇನ್ ಚುಚ್ಚಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಚರ್ಮ ಸೀಳಿ, ಪೊರೆಸಮೇತ ಗಡ್ಡೆಯನ್ನು ಬಿಡಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಮೈನರ್ ಓಟಿಯಲ್ಲಿ ಮುಗಿಯುವ ಕೆಲಸ, ಅಂದೇ ಮನೆ. ಸಣ್ಣ ಗಡ್ಡೆಗೆ ಅದರ ಅಗಲಕ್ಕಿಂತ ಕಿರಿದಾದ ಸೀಳು ಸಾಕು. ಸುತ್ತಲೂ ಬಿಡಿಸಿಕೊಂಡು ಬೆರಳಿನಿಂದ ಒತ್ತಿದರೆ ಹಲಸಿನ ತೊಳೆಯಂತೆ ಇಡಿಯಾಗಿ ಹೊರಬರುತ್ತದೆ. ಹೀಗೆ ತೆಗೆದದ್ದು ಅದೇ ಜಾಗದಲ್ಲಿ ಮತ್ತೆ ಬರುವುದು ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಕೈಗೆ ಬಂದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸಬಹುದು.

ಕರಗಿಸುವ ವಿಧಾನಗಳು ಸೋಲುವುದು ಇಲ್ಲೇ. ಕರಗಿಸಲು ಚುಚ್ಚುವ ಡಿಆಕ್ಸಿಕೋಲಿಕ್ ಆಸಿಡ್ ಪಿತ್ತರಸಕ್ಕೆ ಸೇರಿದ ವಸ್ತು, ಕೊಬ್ಬಿನ ಕೋಶಪೊರೆಯನ್ನು ಒಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಗದ್ದದ ಕೆಳಗಿನ ಕೊಬ್ಬಿಗೆ, ಲಿಪೋಮಾಕ್ಕಲ್ಲ. ಚುಚ್ಚಿದ ಮೇಲೆ ಊತ, ನೋವು, ನೀಲಿಗಟ್ಟುವುದು ಇದ್ದದ್ದೇ. ಹಲವು ಸಲ ಚುಚ್ಚಿಸಿಕೊಂಡರೆ ಗಡ್ಡೆ ಕುಗ್ಗಬಹುದು, ಪೂರ್ತಿ ಹೋಗುವ ಖಾತರಿಯಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ನಿನದೂ ಹೆಚ್ಚುಕಡಿಮೆ ಇದೇ ಕಥೆ, ಜೊತೆಗೆ ಆ ಜಾಗದ ಚರ್ಮ ತೆಳುವಾಗಿ ಬಿಳಿಚಿಕೊಳ್ಳುವ ಅಪಾಯ. ಗಡ್ಡೆ ಕರಗಿದರೆ ಸಾಕ್ಷಿಯೂ ಕರಗಿತು. ಅದು ಏನಾಗಿತ್ತೆಂದು ಆಮೇಲೆ ಯಾವ ಲ್ಯಾಬೂ ಹೇಳಲಾರದು.

ಲೇಸರ್ ಎಂದರೆ ಕತ್ತಿಯಿಲ್ಲ ಎಂಬ ಭಾವನೆ ಹರಡಿದೆ. ಅಲ್ಲೂ ಚರ್ಮಕ್ಕೆ ತೂತು ಮಾಡಿಯೇ ಲೇಸರ್ ತಂತು ಒಳಗಿಳಿಯಬೇಕು. ಲೈಪೋಸಕ್ಷನ್‌ಗೆ ಮಾತ್ರ ನಿಜವಾದ ಜಾಗವೊಂದಿದೆ: ಕೊಯ್ದರೆ ಉದ್ದನೆಯ ಕಲೆ ಬೀಳುವ ದೊಡ್ಡ ಮೆದು ಗಡ್ಡೆಗಳಲ್ಲಿ. ಆದರೆ ಕೊಬ್ಬು ಚೂರುಚೂರಾಗಿ ಬರುತ್ತದೆ, ಪೊರೆ ಒಳಗೆ ಉಳಿಯಬಹುದು, ಉಳಿದದ್ದು ಮತ್ತೆ ಬೆಳೆಯಬಹುದು. ಇದನ್ನು ಮೊದಲೇ ಹೇಳುವವರು ಪ್ರಾಮಾಣಿಕರು.

ಆಯುರ್ವೇದದ ಹೆಸರಿನಲ್ಲಿ ಗಂಟು ಕರಗಿಸುವ ಚೂರ್ಣ ಮಾರುವವರು ಸುಶ್ರುತನಿಗೇ ಉತ್ತರ ಹೇಳಬೇಕು. ಸುಶ್ರುತ ಸಂಹಿತೆ ಮೇದಸ್ಸಿನಿಂದ ಹುಟ್ಟುವ ಗ್ರಂಥಿಯನ್ನು ಬೇರೆಯಾಗಿಯೇ ಗುರುತಿಸಿದೆ. ಅದಕ್ಕೆ ಹೇಳಿದ ಕ್ರಮಗಳಲ್ಲಿ ಶಸ್ತ್ರದಿಂದ ಸೀಳಿ ಮೇದಸ್ಸು ತೆಗೆದು ಸುಡುವುದೂ ಇದೆ. ಮೈ ಇಳಿದರೆ ಗಂಟೂ ಇಳಿಯುತ್ತದೆ ಎಂಬ ಅದರ ಮಾತು ಇಂದಿನ ಅನುಭವಕ್ಕೆ ಹೊಂದುವುದಿಲ್ಲ. ತೂಕ ಇಳಿಸಿದರೂ ಲಿಪೋಮಾ ಕರಗುವುದಿಲ್ಲ. ಗುಳಿಗೆ, ಪಟ್ಟುಗಳಿಂದ ಕರಗಿತೆನ್ನಲು ನಂಬುವಂಥ ಪುರಾವೆಯೂ ಇಲ್ಲ. ಗಡ್ಡೆ ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಔಷಧಗಳ ಕಾಯ್ದೆಯೇ ತಡೆಯುತ್ತದೆ. ಗೋಡೆಬರಹಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಕತ್ತಿಯ ಪಕ್ಷದವರೂ ತಪ್ಪಿಲ್ಲದವರಲ್ಲ. ಮಾಮೂಲಿ ಕೊಬ್ಬು ಎಂದು ಗಡ್ಡೆಯನ್ನು ಕಸದ ಬುಟ್ಟಿಗೆ ಹಾಕಿದರೆ ಶಸ್ತ್ರಕ್ರಿಯೆಗಿದ್ದ ಹೆಚ್ಚುಗಾರಿಕೆಯೇ ಹೋಯಿತು. ಹಣೆಯ ಗಡ್ಡೆ ಮೇಲಿದ್ದಂತೆ ಕಂಡರೂ ಎಷ್ಟೋ ಸಲ ಸ್ನಾಯುವಿನ ಕೆಳಗಿರುತ್ತದೆ. ಮಗುವಿನ ಸೊಂಟದ ನಡುಮಧ್ಯದ ಕೊಬ್ಬಿನ ಉಬ್ಬಿಗೆ ಬೆನ್ನುಹುರಿಯ ನಂಟಿರಬಹುದು, ಎಂಆರ್‌ಐ ಆಗದೆ ಮುಟ್ಟಬಾರದು. ಎದೆಮೂಳೆ, ಭುಜಗಳ ಮೇಲೆ ಕೊಯ್ದ ಗಾಯ ಉಬ್ಬಿ ಕೀಲಾಯ್ಡ್ ಆಗುವ ಸಂಭವವೂ ಹೆಚ್ಚು. ಅದನ್ನು ಮುಂಚೆ ಹೇಳದೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ. ಇನ್ನು ದುಡ್ಡಿನ ಮಾತು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಕಾಣುವಂತೆ ಹಾಕಬೇಕೆಂದು ಕರ್ನಾಟಕದ 2007ರ ಕಾಯ್ದೆ ಹೇಳುತ್ತದೆ. ಬಹಳಷ್ಟು ವಿಮಾ ಪಾಲಿಸಿಗಳಲ್ಲಿ ಇಂಥ ಗಡ್ಡೆಗಳಿಗೆ ಎರಡು ವರ್ಷ ಕಾಯಬೇಕು, ಚಂದಕ್ಕಾಗಿ ತೆಗೆಸಿದರೆ ಏನೂ ಸಿಗುವುದಿಲ್ಲ. ಎರಡನ್ನೂ ಮೊದಲೇ ಕೇಳಿ ತಿಳಿದುಕೊಳ್ಳುವುದು ವಾಸಿ.

ನನ್ನ ತೀರ್ಪು ಹೀಗೆ: ಸುಮ್ಮನಿರುವುದಕ್ಕೆ ಮೊದಲ ಸ್ಥಾನ, ಸಣ್ಣ ಸೀಳಿನ ಶಸ್ತ್ರಕ್ರಿಯೆಗೆ ಎರಡನೆಯದು, ಆಯ್ದ ಕೆಲವರಿಗೆ ಲೈಪೋಸಕ್ಷನ್. ಕರಗಿಸುವ ಇಂಜೆಕ್ಷನ್ ಇನ್ನೂ ಪರೀಕ್ಷೆ ಬರೆಯುತ್ತಿರುವ ಅಭ್ಯರ್ಥಿ. ಯಾವ ಬಾಗಿಲು ತಟ್ಟಿದರೂ ಒಂದು ಪ್ರಶ್ನೆ ಕೇಳಿ: ತೆಗೆದದ್ದನ್ನು ಲ್ಯಾಬಿಗೆ ಕಳಿಸುತ್ತೀರಾ? ಕಳಿಸಲು ಏನೂ ಉಳಿಯುವುದಿಲ್ಲ ಎಂದರೆ, ಗಂಟು ಕೊಬ್ಬಿನದೇ ಎಂದು ಹೇಗೆ ಗೊತ್ತು ಎಂಬ ಮರುಪ್ರಶ್ನೆಗೆ ಉತ್ತರ ಸಿಗುವವರೆಗೆ ತೋಳು ಚಾಚಬೇಡಿ.