ವಲಸೆಗಾರರ ಅಭ್ಯುದಯವೂ ಸಂಸ್ಕೃತಿಯೂ

ಥಾಮಸ್ ಸೋವೆಲ್ಲರು 1996ರಲ್ಲಿ ಪ್ರಕಟಿಸಿದ ‘ಮೈಗ್ರೇಷನ್ಸ್ ಅಂಡ್ ಕಲ್ಚರ್ಸ್’ ಎಂಬ ಗ್ರಂಥವು ಜರ್ಮನರು, ಜಪಾನೀಯರು, ಇಟಾಲಿಯನರು, ಚೀನೀಯರು, ಯೆಹೂದ್ಯರು, ಭಾರತೀಯರು ಎಂಬ ಆರು ಜನವರ್ಗಗಳ ವಲಸೆಯ ಚರಿತ್ರೆಯನ್ನು ನಿರೂಪಿಸುವುದು. ವಲಸೆಗಾರರು ತಮ್ಮೊಡನೆ ಒಯ್ಯುವ ಕೌಶಲ, ಮಿತವ್ಯಯ, ಶ್ರಮಶೀಲತೆಗಳೇ ಅವರ ಅಭ್ಯುದಯಕ್ಕೆ ಪ್ರಧಾನ ಕಾರಣವೆಂದು ಗ್ರಂಥಕರ್ತರ ಮತ. ಇದರಲ್ಲಿ ಸತ್ಯಾಂಶವುಂಟು. 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟ ಭಾರತೀಯ ಮೂಲದವರಲ್ಲಿ ಹಲವರು, ಸೊತ್ತನ್ನು ಕಳೆದುಕೊಂಡು ಬಂದರೂ, ಬ್ರಿಟನ್ನಿನಲ್ಲಿ ವ್ಯಾಪಾರವನ್ನು ಮರಳಿ ಕಟ್ಟಿದರು.

ಆದರೆ 1834ರಿಂದ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹೋದ ಭಾರತೀಯ ಕೂಲಿಗಳು ಕರಾರಿಗೆ ಬದ್ಧರಾಗಿದ್ದಷ್ಟು ಕಾಲ ಬಡವರಾಗಿಯೇ ಉಳಿದರು. ಕರಾರು ತೀರಿದ ಬಳಿಕ ಅವರಲ್ಲಿ ಹಲವರು ಉಳಿತಾಯದ ಹಣದಿಂದ ಹೊಲಗಳನ್ನು ಕೊಂಡರು. ಮಿತವ್ಯಯವು ಮೊದಲೂ ಇದ್ದಿತು. ಅದು ಫಲಿಸಿದುದು ಬಂಧನವು ಕಳಚಿದ ಮೇಲೆ. ಆದುದರಿಂದ ಅಭ್ಯುದಯದ ಕಾರಣವನ್ನು ಸಂಸ್ಕೃತಿಯಲ್ಲಿ ಮಾತ್ರವಲ್ಲದೆ ಕಾನೂನಿನಲ್ಲಿಯೂ ಅರಸಬೇಕಾಗುವುದು.