ಅಳೆಯುವ ಮುಂಚಿನ ಮಾತು

ವಾರ್‌ಹ್ಯಾಮರ್ ಎಂಬ, ಮೇಜಿನ ಮೇಲೆ ಗೊಂಬೆ ಸೈನಿಕರನ್ನು ನಡೆಸುವ ಯುದ್ಧದಾಟದಲ್ಲಿ ಬಹುಕಾಲ ಒಂದು ಕಟ್ಟಳೆ ಇತ್ತು. ದಾಳಿ ಮಾಡುತ್ತೇನೆಂದು ಮೊದಲು ಹೇಳಬೇಕು, ಟೇಪು ಹಿಡಿದು ದೂರ ಅಳೆಯುವುದು ಆಮೇಲೆ. ಎಂಟು ಇಂಚು ನುಗ್ಗಬಲ್ಲ ತುಕಡಿಗೂ ಶತ್ರುವಿಗೂ ನಡುವೆ ಎಂಟೂಕಾಲು ಇಂಚು ಇದ್ದರೆ ಕೆಲಸ ಕೆಟ್ಟಿತು. ಬಯಲಲ್ಲಿ ನಿಂತು ಪೆಟ್ಟು ತಿನ್ನಬೇಕು. ಫಿರಂಗಿ ಹಾರಿಸುವವನೂ ದೂರವನ್ನು ಕಣ್ಣಂದಾಜಿನಲ್ಲೇ ಹೇಳಬೇಕಿತ್ತು. 2010ರಲ್ಲಿ ವಾರ್‌ಹ್ಯಾಮರ್ ಫ್ಯಾಂಟಸಿಯ ಎಂಟನೇ ಆವೃತ್ತಿ, 2012ರಲ್ಲಿ ವಾರ್‌ಹ್ಯಾಮರ್ 40,000ದ ಆರನೇ ಆವೃತ್ತಿ ಈ ಕಟ್ಟಳೆಯನ್ನು ಕೈಬಿಟ್ಟವು. ಈಗ ಯಾವಾಗ ಬೇಕಾದರೂ ಅಳೆಯಬಹುದು. ಕಣ್ಣಿನ ಪಳಗಿಕೆಗೆ ಬೆಲೆಯೇ ಇಲ್ಲವಾಯಿತೆಂದು ಹಳಬರು ನೊಂದುಕೊಂಡರು. ನನ್ನ ಮಟ್ಟಿಗೆ, ಮೇಜಿನ ಮೇಲಿನ ಯುದ್ಧದಾಟದ ನಡವಳಿಕೆಯಲ್ಲಿ ಆದ ಬದಲಾವಣೆಗಳಲ್ಲೆಲ್ಲ ಒಳ್ಳೆಯದು ಇದೇ.

ಪಳಗಿದ ಕಣ್ಣು ಎಂದು ಹೊಗಳುತ್ತಿದ್ದುದರಲ್ಲಿ ಅರ್ಧ ಜಾಣತನ, ಇನ್ನರ್ಧ ಕಳ್ಳದಾರಿ. ಮೊಣಕೈಯಿಂದ ಬೆರಳ ತುದಿಯವರೆಗೆ ಎಷ್ಟು ಇಂಚೆಂದು ಮನೆಯಲ್ಲೇ ಅಳೆದುಕೊಂಡು ಬಂದು, ಮೇಜಿನ ಮೇಲೆ ಸುಮ್ಮನೆ ಎಂಬಂತೆ ಕೈಯೂರುವುದು. ಒಂದು ತುಕಡಿಯ ನಡಿಗೆ ಅಳೆಯುವ ನೆಪದಲ್ಲಿ ಟೇಪನ್ನು ಶತ್ರುವಿನವರೆಗೂ ಎಳೆಯುವುದು. ಇವನ್ನೆಲ್ಲ ಬಲ್ಲವರು ಬಲ್ಲವರೊಡನೆ ಆಡುವಾಗ ನಕ್ಕು ಬಿಡುತ್ತಿದ್ದರು. ದಂಡ ತೆರುತ್ತಿದ್ದವನು ಹೊಸಬ.

ಹಳೆಯ ಕಾಲದಲ್ಲಿ ನಂಬಿಕೆಯೇ ಇರಲಿಲ್ಲ ಎಂದಲ್ಲ. ಆಗ ಆಟದ ಭಾರವನ್ನೆಲ್ಲ ನಂಬಿಕೆಯೇ ಹೊತ್ತಿತ್ತು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ಹೊರತಂದ ಕ್ರೀಗ್‌ಸ್ಪೀಲ್‌ನಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ಅಂಪೈರ್ ಇರುತ್ತಿದ್ದ. ಆಟಗಾರರು ಆದೇಶ ಕೊಡುವರು. ಶತ್ರು ಎಷ್ಟು ಕಂಡ, ಎಷ್ಟು ಜನ ಬಿದ್ದರು ಎಂಬುದನ್ನು ಅವನೇ ಹೇಳಬೇಕು. 1876ರಲ್ಲಿ ಇನ್ನೊಬ್ಬ ಪ್ರಷ್ಯನ್ ಸೇನಾಧಿಕಾರಿ ವೆರ್ಡಿ ಡು ವೆರ್ನ್ವಾ ಇನ್ನೂ ಮುಂದೆ ಹೋಗಿ, ಲೆಕ್ಕದ ಕೋಷ್ಟಕಗಳನ್ನು ಬದಿಗಿಟ್ಟು ಎಲ್ಲವನ್ನೂ ಅಂಪೈರನ ವಿವೇಕಕ್ಕೇ ಬಿಟ್ಟ. ಎಚ್. ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ನಲ್ಲಿ ನೆಲದ ಮೇಲೆ ತವರದ ಸೈನಿಕರನ್ನು ನಿಲ್ಲಿಸಿ ಸ್ಪ್ರಿಂಗ್ ಫಿರಂಗಿಯಿಂದ ನಿಜವಾಗಿಯೇ ಹೊಡೆದುರುಳಿಸುವ ಆಟ ಕಟ್ಟಿದ. ಬಿದ್ದವನು ಸತ್ತ, ವಾದಕ್ಕೆ ಎಡೆ ಕಡಿಮೆ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್‌ನ ‘ವಾರ್ ಗೇಮ್ಸ್’ ಬಂದಾಗಲೂ ಈ ಹವ್ಯಾಸ ಬಹುಮಟ್ಟಿಗೆ ಸ್ನೇಹಿತರ ಮನೆ, ಚಿಕ್ಕ ಕ್ಲಬ್ಬುಗಳಿಗೆ ಸೇರಿದ್ದು. ತಕರಾರು ಬಂದರೆ ದಾಳ ಹಾಕಿ ಮುಂದೆ ಹೋಗುವುದು, ಆಮೇಲೆ ಜೊತೆಗೆ ಊಟಕ್ಕೆ ಕೂರುವುದು.

ಸ್ಪರ್ಧೆಗಳು ಬೆಳೆದಂತೆ ಪರಿಚಯವೇ ಇಲ್ಲದವರು ಎದುರುಬದುರಾದರು. 1987ರ ಮೊದಲ ವಾರ್‌ಹ್ಯಾಮರ್ 40,000 ಕೂಡ ಆಟ ನಡೆಸಲು ಮೂರನೆಯವನೊಬ್ಬನನ್ನು ಬಯಸಿತ್ತು. ಮುಂದಿನ ಆವೃತ್ತಿಗಳಲ್ಲಿ ಉಳಿದದ್ದು ಇಬ್ಬರು ಮತ್ತು ನಡುವೆ ಒಂದು ದಪ್ಪ ಪುಸ್ತಕ. ಪುಸ್ತಕದ ಪದ ಹಿಡಿದು ಜಗ್ಗುವವರು ಹುಟ್ಟಿಕೊಂಡರು. 2003ರ ವಾರ್‌ಮಶೀನ್ ಎಂಬ ಇನ್ನೊಂದು ಯುದ್ಧದಾಟವಂತೂ ತನ್ನ ಪುಸ್ತಕದ ಐದನೇ ಪುಟದಲ್ಲೇ ಗಂಡೆದೆಯಿಂದ ಆಡಿ, ಗೋಳಾಡಬೇಡಿ ಎಂಬ ಧಾಟಿಯ ಘೋಷಣೆ ಅಚ್ಚುಮಾಡಿತು. ಆ ಪುಟವನ್ನು ಮೆಚ್ಚಿದವರು ಅನೇಕರು. ಒರಟುತನವನ್ನೇ ಪೌರುಷವೆಂದು ಮಾರಿದ ಆ ಬರಹ ನನಗೆ ಇಂದಿಗೂ ಹಿಡಿಸುವುದಿಲ್ಲ.

ಈಗಿನ ಟೂರ್ನಿಯ ಮೇಜಿನ ಬಳಿ ನಿಂತರೆ ಬೇರೆ ಮಾತು ಕೇಳುತ್ತದೆ. ಒಬ್ಬ ತನ್ನ ಟ್ಯಾಂಕನ್ನು ಪಾಳುಗೋಡೆಯ ಹಿಂದೆ ಸರಿಸುತ್ತಾ, “ನಿಮ್ಮ ಫಿರಂಗಿಗೆ ಕಾಣಬಾರದು ಅಂತ ಇಲ್ಲಿಡ್ತಿದ್ದೀನಿ, ಸರಿನಾ?” ಎನ್ನುತ್ತಾನೆ. ಎದುರಿನವನು ಬಗ್ಗಿ, ಫಿರಂಗಿಯ ಮಟ್ಟಕ್ಕೆ ಕಣ್ಣು ತಂದು, “ಮೂಲೆ ಕಾಣ್ತಿದೆ, ಇನ್ನೊಂಚೂರು ಒಳಗೆ ತಗೊಳ್ಳಿ” ಎನ್ನುತ್ತಾನೆ. ಮುಂದಿನ ಸರದಿಯಲ್ಲಿ ಯಾರದೋ ತೋಳು ತಾಗಿ ಗೋಡೆ ಅಲುಗಿ ಟ್ಯಾಂಕಿನ ತುದಿ ಕಂಡರೂ ಗುಂಡು ಹಾರಿಸುವಂತಿಲ್ಲ; ಮಾತು ಆಗಿಹೋಗಿದೆ. ಕೂದಲೆಳೆಯ ತಪ್ಪಿನಿಂದ ಸಿಕ್ಕುವ ಗೆಲುವು ತನಗೆ ಬೇಡವೆಂದು ಇಬ್ಬರೂ ಮುಂಚೆಯೇ ಒಪ್ಪಿಕೊಂಡಂತೆ. ಗುರುತು ಪರಿಚಯವಿಲ್ಲದ ಇಬ್ಬರ ನಡುವೆ ಇದು ನಡೆಯುವುದರಿಂದಲೇ ಹಳೆಯ ಗೆಳೆತನದ ಸೌಜನ್ಯಕ್ಕಿಂತ ಇದರ ತೂಕ ಹೆಚ್ಚು. ದಾಳ ಉರುಳಿದ ಮೇಲೆ ಸೋತ ದಾಳಗಳನ್ನು ಮಾತ್ರ ಎತ್ತಿ, ಗೆದ್ದವನ್ನು ಎದುರಾಳಿಗೆ ಕಾಣುವಂತೆ ಬಿಡುವುದು, ಇನ್ನೊಬ್ಬರು ಬಣ್ಣ ಬಳಿದ ಗೊಂಬೆಯನ್ನು ಕೇಳದೆ ಮುಟ್ಟದಿರುವುದು, ಇವೂ ಅದೇ ಜಾಯಮಾನದವು.

ಆದರೆ ಸೌಜನ್ಯಕ್ಕೆ ಅಂಕ ಹಚ್ಚಲು ಹೋದಲ್ಲೆಲ್ಲ ಅದು ಕೆಟ್ಟಿದೆ. ಎದುರಾಳಿಯ ನಡತೆಗೆ ಅಂಕ ಕೊಡಿ ಎಂದ ಟೂರ್ನಿಗಳಲ್ಲಿ, ಪಟ್ಟಿಯಲ್ಲಿ ಮೇಲಿದ್ದವನನ್ನು ಕೆಳಗಿಳಿಸಲೆಂದೇ ಕಡಿಮೆ ಅಂಕ ಕೊಡುವ ಚಾಳಿ ಬಂತು. ಬಣ್ಣದ ಗತಿಯೂ ಇದೇ: 2020ರಲ್ಲಿ ವಾರ್‌ಹ್ಯಾಮರ್ 40,000ದ ಒಂಬತ್ತನೇ ಆವೃತ್ತಿ ಬಣ್ಣ ಬಳಿದ ಸೈನ್ಯಕ್ಕೆ ನೂರರಲ್ಲಿ 10 ಅಂಕ ಇಟ್ಟಿತು. ಕುಂಚ ಹಿಡಿಯಲು ಬಿಡುವಿಲ್ಲದವನು ಆಟ ಶುರುವಾಗುವ ಮುಂಚೆಯೇ ಹತ್ತು ಹೆಜ್ಜೆ ಹಿಂದೆ. ಪ್ರೀತಿಯಿಂದ ಮಾಡುವ ಕೆಲಸವನ್ನು ಬಾಕಿ ವಸೂಲಿಯಂತೆ ಮಾಡಿದ್ದು ಸರಿಯಲ್ಲ.

ಇಬ್ಬರ ಮಾತಿನಲ್ಲೇ ಬಗೆಹರಿಯದ ಸಂಗತಿಗಳೂ ಇವೆ. 2021ರಲ್ಲಿ ಸ್ಪೇನ್‌ನ ಟೂರ್ನಿಯೊಂದಕ್ಕೆ ಒಬ್ಬ ನಾತ್ಸಿ ಚಿಹ್ನೆಗಳ ಬಟ್ಟೆ ತೊಟ್ಟು ಬಂದ. ಅವನನ್ನು ಹೊರಹಾಕಲಿಲ್ಲ. ಅವನೆದುರು ಆಡಬೇಕೇ, ಬೇಡವೇ ಎಂಬುದು ಎದುರಾಳಿಯ ತಲೆಗೇ ಬಂತು. ಅದೇ ವರ್ಷದ ನವೆಂಬರಿನಲ್ಲಿ ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್, ದ್ವೇಷ ಗುಂಪುಗಳ ಚಿಹ್ನೆ ತೊಟ್ಟವರಿಗೆ ತನ್ನ ಅಂಗಡಿಗಳಲ್ಲೂ ಕೂಟಗಳಲ್ಲೂ ಜಾಗವಿಲ್ಲವೆಂದು ಪ್ರಕಟಿಸಿತು. ರೈಸ್‌ವಿಟ್ಜ್‌ನ ಅಂಪೈರನನ್ನು ನಾವು ಆಟದಿಂದ ತೆಗೆದದ್ದು ಸರಿಯೇ ಇರಬಹುದು, ಇಂಚಿನ ಲೆಕ್ಕಕ್ಕೆ ಅವನು ಬೇಕಿಲ್ಲ. ಆದರೆ ಯಾರು ಆ ಮೇಜಿಗೆ ಬರಬಹುದೆಂದು ಹೇಳುವವರು ಬಾಗಿಲಲ್ಲಿ ಇರಲೇಬೇಕು. ಆ ಹೊಣೆ ಸಂಘಟಕರದು, ಎದುರು ಕೂತು ಆಡಬೇಕಾದವನದಲ್ಲ.